ಮಾವಯ್ಯನ ಜಾವಾ

ಕೆಳಗಿನ ಮನೆ ಅತ್ತಿಗೆ ಮೊನ್ನೆ ಬೇಲಿ ಹತ್ರ ನಿಂತು, "ನಿಂಗ್ಳ ಮನೇಲಿ ಎಂತ ಶಬ್ದನೇ ಅದು? ಹೊಗೆ ನಂಗ್ಳ ಅಡಿಗೆ ಮನೆವರೆಗೂ ಬಂತು" ಹೇಳಿ ಕೇಳ್ಚು. ಅದಕ್ಕೆ ಉತ್ತರ ಬರೆಯಲೆ ಕೂತರೆ ಇಷ್ಟುದ್ದ ಆತು.

ಅದು ಮಾವಯ್ಯನ ಜಾವಾ ಬೈಕು. ಹೊನ್ನಾವರ ಪೇಟೆಗೆ, ಕುಮಟೆಗೆ, ಅತ್ತೆಯನ್ನ ಹಿಂದೆ ಕೂರಿಸ್ಕಂಡು ಇಡಗುಂಜಿಗೆ ಹೋಗ್ತಿದ್ದ ಗಾಡಿ. ಮಾವಯ್ಯ ತೀರಿಹೋದ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನಡಿಗೆ ಗೋಣಿ ಹೊದ್ದು ನಿಂತಿದ್ದು, 18 ಮಳೆಗಾಲ ಕಳೀತು. ನಂಗ್ಳ ಕಡಲ ಗಾಳಿ ಕತ್ತಿ, ಮೆಟ್ಟುಗತ್ತಿಯನ್ನೇ ಬಿಡ್ತಿಲ್ಲೆ, ಇದನ್ನ ಬಿಡ್ತಾ? ಗುಜರಿಯವ ಬಂದು ಕೆಜಿ ಲೆಕ್ಕದಲ್ಲಿ ಕೇಳಿದ. ಅತ್ತೆ ಹೇಳ್ಚು, "ಕೊಡಲಕ್ಕು. ಕೊಡುವ ಮುಂಚೆ ಒಂದ್ಸಲ ಅದರ ಶಬ್ದ ಕೇಳವು."

ಮಗ ಕಿಕ್ ಹೊಡೆಯಲೆ ನೋಡಿದ. ಅಲ್ಲಾಡಿದ್ದಿಲ್ಲೆ. ಪಿಸ್ಟನ್ ಸಿಲಿಂಡರಿಗೆ ತುಕ್ಕಲ್ಲಿ ಅಂಟಿ ಹೋಗಿತ್ತು. ಹೊಸ ಭಾಗ ತರನ ಅಂದ್ರೆ, ಮಾಡುವ ಕಾರ್ಖಾನೆಯೇ ಈಗ ಇಲ್ಲೆ.

ಆ ಕಾರ್ಖಾನೆ ದೂರದ್ದಲ್ಲ, ನಮ್ಮ ಮೈಸೂರಿನದ್ದು. ಜಾವಾ ಮೂಲತಃ ಜೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬವ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ಹಕ್ಕು ಕೊಂಡು ಶುರು ಮಾಡಿದ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆತು. ಕಾಪಿಪುಡಿ ಬಪ್ಪ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲೆ, ಆನು ಇಷ್ಟು ವರ್ಷ ಇದ್ದು ಹೇಳೇ ತಿಳಕಂಡಿದ್ದಿ. ಮುಂಬೈಯಲ್ಲಿ ಈ ಬೈಕು ತರಿಸಿ ಮಾರ್ತಿದ್ದ ರುಸ್ತುಂ ಇರಾನಿ ಎಂಬ ಪಾರಸಿಯವರು, ಹೊರದೇಶದ ಗಾಡಿ ತರಿಸುವುದು ಕಷ್ಟವಾದಾಗ, 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಇತ್ತು. ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು, 1961ರಿಂದ ಗಾಡಿ ಹೊರಬಂತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಹೇಳಿ ಬದಲಾತು. ಆಮೇಲೆ ಲೀಟರಿಗೆ ಹೆಚ್ಚು ಓಡುವ ಜಪಾನಿ ತಂತ್ರದ 100 ಸಿಸಿ ಗಾಡಿ ಬಂತು, ಹೊಗೆಯ ಕಾನೂನು ಬಿಗಿಯಾತು, 1996ರಲ್ಲಿ ಬಾಗಿಲು ಬಿತ್ತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಿದ್ದು ಹೌದು, ಆದ್ರೆ ಆ ಎಂಜಿನ್ನೇ ಬೇರೆ. ಅದರ ಒಂದು ವಾಶರೂ ನಂಗ್ಳ ಗಾಡಿಗೆ ಆಗ್ತಿಲ್ಲೆ.

ಹಂಗಾದ್ರೆ ಭಾಗ ಎಲ್ಲಿ ಸಿಕ್ತು? ಹಳೆ ಅಂಗಡಿಯವರ ಅಟ್ಟದಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಮೈಸೂರಿನ ಹಳೆ ಮೆಕ್ಯಾನಿಕ್‌ಗಳ ಡಬ್ಬದಲ್ಲಿ. ಜೆಕ್ ದೇಶದಲ್ಲಿ ಈಗಲೂ ಹಳೆ ಜಾವಾಕ್ಕೆ ಬಿಡಿಭಾಗ ಮಾಡುವವು ಇದ್ದ. ಜುಲೈ ಎರಡನೇ ಭಾನುವಾರ ಜಾವಾ ದಿನ ಹೇಳಿ ಈ ಗಾಡಿಯವೆಲ್ಲ ಸೇರ್ತ, ಯಾರ ಹತ್ರ ಎಂತ ಇದ್ದು ಹೇಳಿ ಅಲ್ಲಿ ಗೊತ್ತಾಗ್ತು.

ಮೊದಲ ಪಿಸ್ಟನ್ ತಂದು ಮೋಸ ಹೋದ್ಯ. "ಅದೇ ಗಾಡಿದು, ಕಣ್ಮುಚ್ಚಿ ತಗಂಡು ಹೋಗಿ" ಹೇಳಿ ಒಬ್ಬ ಅಂಗಡಿಯವ 65 ಮಿ.ಮೀ.ದ್ದು ಕೊಟ್ಟ. ಹಾಕಿ ನೋಡಿದ್ರೆ ಡಬ್ಬಕ್ಕೆ ಸಣ್ಣ ಮುಚ್ಚಲ ಹಾಕಿದ ಹಂಗೆ ಒಳಗೆ ಲೊಡಲೊಡ. ಮಾವಯ್ಯ ಹಿಂದೆಯೇ ಸಿಲಿಂಡರ್ ಕೊರೆಸಿ ದೊಡ್ಡ ಮಾಡಿಸಿದ್ದ, ಅದು ನಂಗ್ಳಿಗೆ ಗೊತ್ತಿತ್ತಿಲ್ಲೆ. ಇಂಥ ಪಿಸ್ಟನ್ನು ಕಾಲು ಮಿ.ಮೀ. ಲೆಕ್ಕದಲ್ಲಿ ಹೆಚ್ಚು ಹೆಚ್ಚು ಅಳತೆದು ಬತ್ತು. ಮತ್ತೆ ಕೊರೆಸಿ, ಮೈಕ್ರೋಮೀಟರಲ್ಲಿ ಅಳೆದು, 65.75ರದ್ದು ಹುಡುಕವು ಹೇಳಿ ಆತು. ಅದು ಬಪ್ಪಲೆ ನಾಲ್ಕು ತಿಂಗಳು.

ಅಷ್ಟಾದರೂ ಗಾಡಿ ಶುರುವಾಗಿ ಎರಡು ನಿಮಿಷಕ್ಕೆ ನಿಲ್ತಿತ್ತು. ಕಾರಣ ಎರಡು ರಬ್ಬರ್ ಸೀಲು. ಇದು ಟು-ಸ್ಟ್ರೋಕ್. ಎಣ್ಣೆ ಬೆರೆಸಿದ ಪೆಟ್ರೋಲು ಮೊದಲು ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಒತ್ತಡಕ್ಕೆ ಮೇಲೆ ಏರವು. ಆ ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ, ಗ್ಯಾಸ್ಕೆಟ್ ಹೋದ ಕುಕ್ಕರಿನ ಹಂಗೆ, ಎಷ್ಟು ಉರಿ ಇಟ್ಟರೂ ಸೀಟಿ ಇಲ್ಲೆ. ಒಂದು ಬದಿ ಸೀಲಿನಿಂದ ಗೇರಿನ ಎಣ್ಣೆಯೂ ಒಳಗೆ ಎಳೆದುಕೊಳ್ತು, ಆ ಬಿಳಿ ಹೊಗೆ ಅದೇ ಅತ್ತಿಗೆ. ಸಣ್ಣ ಸೀಲು, ಆದ್ರೆ ಹಾಕಲೆ ಇಡೀ ಎಂಜಿನ್ ಎರಡು ಹೋಳು ಮಾಡವು. ಮೆಕ್ಯಾನಿಕ್‌ಗೆ ಬಿಡಿಸಿದ ಬೋಲ್ಟು ಇಡಲೆ ಆನು ಉಪ್ಪಿನಕಾಯಿ ಭರಣಿ ಮುಚ್ಚಳ ಕೊಟ್ಟಿದ್ದಿ, ಇನ್ನೂ ವಾಪಸ್ ಬಂದಿದ್ದಿಲ್ಲೆ.

ಆ ಶನಿವಾರ ಸಂಜೆ ಶುರುವಾತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಅದರ ಶಬ್ದ ಬೇರೆ ಯಾವ ಗಾಡಿಗೂ ಇಲ್ಲೆ. ಅತ್ತೆ ಜಗಲಿಯಲ್ಲಿ ಬತ್ತಿ ಹೊಸೀತಿತ್ತು, ಕೈ ನಿಂತು ಹೋತು. ಸುಮಾರು ಹೊತ್ತಾದ ಮೇಲೆ, "ಸಾಕು, ಪೆಟ್ರೋಲು ಖರ್ಚು" ಹೇಳ್ಚು. ಗುಜರಿಯವ ಮತ್ತೆ ಬಂದಿದ್ದ. ಅವಂಗೆ ತುಕ್ಕು ಹಿಡಿದ ನೀರಿನ ಟಾಕಿ ತೋರಿಸಿ ಕಳಿಸ್ಚು.

ಇನ್ನು ಸ್ಪೀಡೋಮೀಟರಿನ ಕೇಬಲ್ ಒಂದು ಸಿಕ್ಕಿದ್ದಿಲ್ಲೆ. ನಿಂಗ್ಳ ತವರು ಮನೆ ಅಟ್ಟದಲ್ಲಿ ಹಳೆ ಜಾವಾ, ಯೆಜ್ಡಿ ಸಾಮಾನು ಇದ್ರೆ ಕೆಜಿಗೆ ಹಾಕಡಿ, ಯಂಗೆ ಒಂದು ಮಾತು ಹೇಳಿ.