ಮಿಲ್ ಲ್ಯಾಕ್ಸ್ ಸರೋವರದ ಮೀನು ಮತ್ತು 1837ರ ಒಂದು ವಾಕ್ಯ



ಇತಿಹಾಸದ ತರಗತಿಯಲ್ಲಿ ಒಪ್ಪಂದಗಳ ಕಲಮುಗಳನ್ನು ಬರೆಸುವಾಗ ನಿಮ್ಮ ಮುಖಗಳಲ್ಲಿ ಮೂಡುತ್ತಿದ್ದ ಬೇಸರ ನನಗೆ ಚೆನ್ನಾಗಿ ನೆನಪಿದೆ. ಶ್ರೀರಂಗಪಟ್ಟಣದ ಒಪ್ಪಂದವಿರಲಿ, ವರ್ಸೇಲ್ಸ್ ಒಪ್ಪಂದವಿರಲಿ, "ಇದನ್ನು ಬಾಯಿಪಾಠ ಮಾಡಿ ಏನಾಗಬೇಕು ಸಾರ್?" ಎಂದು ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಇಂದು ಹೇಳಹೊರಟಿರುವುದು ಒಂದು ಮೀನಿನ ಕಥೆ. ಆದರೆ ಅದರ ನಡುವೆ ಒಂದು ಒಪ್ಪಂದವಿದೆ. ಆ ಒಪ್ಪಂದದ ಐದನೆಯ ಕಲಮಿನಲ್ಲಿ ಒಂದೇ ಒಂದು ವಾಕ್ಯವಿದೆ. ನೂರರುವತ್ತು ವರ್ಷಗಳ ತರುವಾಯ ಆ ವಾಕ್ಯಕ್ಕಾಗಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಕುಳಿತು ವಾದ ಕೇಳಬೇಕಾಯಿತು.

ಮಿನ್ನೆಸೋಟಾ ರಾಜ್ಯದಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಮಿಲ್ ಲ್ಯಾಕ್ಸ್ ಸರೋವರವನ್ನು ನೋಡಿಯೇ ಇರುತ್ತೀರಿ. ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಮೈಲಿ. ವಿಸ್ತೀರ್ಣ 1,32,000 ಎಕರೆಗೂ ಮಿಗಿಲು. ಈ ದಡದಲ್ಲಿ ನಿಂತರೆ ಆ ದಡ ಕಾಣದು. ಆದರೂ ಅತ್ಯಂತ ಆಳವಾದೆಡೆ ಕೇವಲ 42 ಅಡಿ. ಒಜಿಬ್ವೆ ಜನರು ಇದನ್ನು 'ಮಹಾ ಸರೋವರ' ಎಂಬರ್ಥದ ಹೆಸರಿನಿಂದ ಕರೆದರು. ಅವರಿಗಿಂತ ಮೊದಲು ಇಲ್ಲಿದ್ದ ಡಕೋಟಾ ಜನರಿಗೆ ಇದು 'ಮ್ಡೆ ವಾಕನ್', ಎಂದರೆ ದೈವದ ಸರೋವರ. ಇಂಗ್ಲಿಷಿನ 'ಸ್ಪಿರಿಟ್' ಎಂಬ ಪದಕ್ಕೆ ದೈವವೆಂಬ ಅರ್ಥವೂ ಉಂಟು, ಮದ್ಯವೆಂಬ ಅರ್ಥವೂ ಉಂಟಲ್ಲವೇ? ಬಿಳಿಯರು ಈ ಸರೋವರದಿಂದ ಹೊರಡುವ ನದಿಗೆ ಎರಡನೆಯ ಅರ್ಥವನ್ನು ಹಿಡಿದು 'ರಮ್ ನದಿ' ಎಂದು ಹೆಸರಿಟ್ಟುಬಿಟ್ಟರು! ಭಾಷಾಂತರದ ಅವಾಂತರಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಮೀನಿನ ವಿಷಯ. ಅದರ ಹೆಸರು ವಾಲ್‌ಐ. 1965ರಿಂದ ಮಿನ್ನೆಸೋಟಾದ ರಾಜ್ಯಮೀನು. ಅದರ ವಿಶೇಷವೆಲ್ಲ ಕಣ್ಣಿನಲ್ಲಿದೆ. ರಾತ್ರಿ ದೀಪ ಹಿಡಿದಾಗ ಬೆಕ್ಕಿನ ಕಣ್ಣು ಹೊಳೆಯುವಂತೆ ಇದರ ಕಣ್ಣೂ ಹೊಳೆಯುತ್ತದೆ. ಕಣ್ಣಿನ ಹಿಂಬದಿಯಲ್ಲಿರುವ ಬೆಳಕನ್ನು ಮರಳಿಸುವ ಪದರದಿಂದಾಗಿ ಮಬ್ಬಿನಲ್ಲಿಯೂ ಅದು ಬೇಟೆಯನ್ನು ಕಾಣಬಲ್ಲುದು; ಪ್ರಖರವಾದ ಬೆಳಕು ಅದಕ್ಕೆ ಹಿತವಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಸಂತದಲ್ಲಿ ಹಿಮ ಕರಗಿದೊಡನೆ ವಾಲ್‌ಐ ದಡದ ಸಮೀಪದ ಗರಸು ನೆಲಕ್ಕೆ ಬಂದು ಮೊಟ್ಟೆಯಿಡುತ್ತದೆ. ಬೇಸಿಗೆ ಏರಿದಂತೆ ಆಳಕ್ಕೆ ಸರಿಯುತ್ತದೆ. ಮಿಲ್ ಲ್ಯಾಕ್ಸ್‌ನ ತಳ ಒಂದೇ ಸಮನಾಗಿಲ್ಲ. ದಕ್ಷಿಣ ಭಾಗದಲ್ಲಿ ನೀರಿನೊಳಗೆ ಮುಳುಗಿರುವ ಬಂಡೆಗಳ ದಿಬ್ಬಗಳಿವೆ, ಅಲ್ಲಿಯವರು ಅವನ್ನು ರೀಫ್ ಎನ್ನುತ್ತಾರೆ. ಉತ್ತರದಲ್ಲಿ ಆಳದಿಂದ ಎದ್ದ ವಿಶಾಲವಾದ ಕೆಸರುದಿಬ್ಬಗಳಿವೆ. ಹಗಲೆಲ್ಲ ಇವುಗಳ ಅಂಚಿನಲ್ಲಿದ್ದು, ಸಂಜೆಗತ್ತಲಾದಂತೆ ಚಿಕ್ಕ ಮೀನುಗಳನ್ನು ಹುಡುಕುತ್ತ ದಿಬ್ಬದ ಮೇಲಕ್ಕೆ ಬರುವುದು ದೊಡ್ಡ ವಾಲ್‌ಐಗಳ ರೂಢಿ. ಬಲ್ಲವರು ದಿಬ್ಬದ ನೇರಕ್ಕೆ ದೋಣಿ ನಿಲ್ಲಿಸಿ, ಬೆಂಡು ಕಟ್ಟಿದ ದಾರದ ತುದಿಯ ಗಾಳಕ್ಕೆ ಜಿಗಣೆಯನ್ನು ಸಿಕ್ಕಿಸಿ ಇಳಿಬಿಡುತ್ತಾರೆ. 28 ಅಂಗುಲ ಮೀರಿದ ಮೀನು ಸಿಕ್ಕಿದರೆ ಅದು ಟ್ರೋಫಿ; ಗೋಡೆಗೆ ತೂಗುಹಾಕುವ ಗೌರವದ ಮೀನು. ಅಷ್ಟು ದೊಡ್ಡವು ಸಾಮಾನ್ಯವಾಗಿ ಹೆಣ್ಣುಗಳೇ, ಹಲವು ವರ್ಷ ಬದುಕಿದವು. ಮೀನಿನ ರುಚಿಯನ್ನೇ ಅರಿಯದ ನನ್ನಂಥವನು ಇದನ್ನೆಲ್ಲ ಬರೆಯುತ್ತಿರುವುದು ನಿಮ್ಮಲ್ಲಿ ಕೆಲವರಿಗೆ ನಗು ತರಿಸೀತು, ನಗಬಹುದು.

ಈಗ 1837ಕ್ಕೆ ಬರೋಣ. ಆ ವರ್ಷದ ಜುಲೈ ತಿಂಗಳಿನಲ್ಲಿ ಮಿಸಿಸಿಪಿ ನದಿಯ ದಡದ ಸ್ನೆಲಿಂಗ್ ಕೋಟೆಯ ಬಳಿ ಸಾವಿರಕ್ಕೂ ಹೆಚ್ಚು ಒಜಿಬ್ವೆ ಜನ ಸೇರಿದ್ದರು. ಸರಕಾರದ ಪರವಾಗಿ ಬಂದಿದ್ದವನು ವಿಸ್ಕಾನ್ಸಿನ್ ಪ್ರಾಂತದ ಗವರ್ನರ್ ಹೆನ್ರಿ ಡಾಡ್ಜ್. ಸರಕಾರಕ್ಕೆ ಬೇಕಾಗಿದ್ದುದು ಪೈನ್ ಮರ. ಮಾತುಕತೆಯ ದಾಖಲೆಯನ್ನು ಸರಕಾರದ ಕಾರ್ಯದರ್ಶಿಯೇ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದಂತಿದೆ. ಒಜಿಬ್ವೆ ಮುಖಂಡನೊಬ್ಬ ಎದ್ದು ಬಂದು, ಮೇಜಿನ ಮೇಲೆ ಹರಡಿದ್ದ ನಕ್ಷೆಯ ಪಕ್ಕ ಓಕ್ ಮರದ ಒಂದು ಸಣ್ಣ ರೆಂಬೆಯನ್ನು ಇಟ್ಟ. ನಿಮಗೆ ಕೊಡುವ ನಾಡಿನಲ್ಲಿ ನಮ್ಮ ಬದುಕಿಗೆ ಆಧಾರವಾದ ಮರವೊಂದನ್ನೂ, ನಾವು ನೀರು ಕುಡಿಯುವ ತೊರೆಗಳನ್ನೂ ಉಳಿಸಿಕೊಳ್ಳುತ್ತೇವೆ, ಅದು ನಿಮಗೆ ಬೇಕಾದ ಜಾತಿಯ ಮರವಲ್ಲ ಎಂಬುದು ಅವನ ಮಾತಿನ ಸಾರ. ದುಭಾಷಿಗೆ ಅದೆಷ್ಟು ಅರ್ಥವಾಯಿತೋ, ಡಾಡ್ಜ್‌ಗೆ ಅದೆಷ್ಟು ತಲುಪಿತೋ!

ಜುಲೈ 29ರಂದು ಸಹಿಯಾಯಿತು. ಒಂದು ಕೋಟಿಗೂ ಹೆಚ್ಚು ಎಕರೆ ನೆಲ ಕೈಬದಲಾಯಿತು. ಪ್ರತಿಯಾಗಿ ಇಪ್ಪತ್ತು ವರ್ಷ ಕಾಲ ವರ್ಷಕ್ಕೆ 9,500 ಡಾಲರ್ ನಗದು, 19,000 ಡಾಲರ್ ಬೆಲೆಯ ಸಾಮಾನು, ಕಮ್ಮಾರಸಾಲೆಗಳಿಗೆ 3,000 ಡಾಲರ್, 500 ಡಾಲರಿನ ಹೊಗೆಸೊಪ್ಪು ಇತ್ಯಾದಿ. ಐದನೆಯ ಕಲಮಿನ ವಾಕ್ಯ ಇಷ್ಟು: ಬಿಟ್ಟುಕೊಟ್ಟ ನೆಲ, ನದಿ, ಸರೋವರಗಳಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಅವಕಾಶ ಆ ಜನರಿಗೆ ಇರತಕ್ಕದ್ದು, ಅಮೆರಿಕದ ಅಧ್ಯಕ್ಷರ ಮರ್ಜಿ ಇರುವವರೆಗೆ. 'ಮರ್ಜಿ' ಎಂಬ ಆ ಪದದ ಮೇಲೆಯೇ ಮುಂದಿನ ಜಗಳವೆಲ್ಲ ನಿಂತಿತು.

ಹದಿಮೂರು ವರ್ಷಗಳೊಳಗೆ ಮರ್ಜಿ ಮುಗಿಯಿತು. 1850ರ ಫೆಬ್ರವರಿ 6ರಂದು ಅಧ್ಯಕ್ಷ ಝಾಕರಿ ಟೇಲರ್ ಈ ಅವಕಾಶವನ್ನು ರದ್ದುಪಡಿಸಿ, ಒಜಿಬ್ವೆ ಜನರೆಲ್ಲ ಜಾಗ ಖಾಲಿಮಾಡಬೇಕೆಂದು ಆಜ್ಞೆ ಹೊರಡಿಸಿದ. ಅವರನ್ನು ಪಶ್ಚಿಮಕ್ಕೆ ಸೆಳೆಯಲು ಅಧಿಕಾರಿಗಳು ಹೂಡಿದ ಉಪಾಯವನ್ನು ನೆನೆದರೆ ಇಂದಿಗೂ ಮನಸ್ಸು ಕುದಿಯುತ್ತದೆ. ಸುಪೀರಿಯರ್ ಸರೋವರದ ಲಾ ಪಾಯಿಂಟ್ ಎಂಬಲ್ಲಿ ಹಂಚುತ್ತಿದ್ದ ವಾರ್ಷಿಕ ಹಣವನ್ನು ಆ ವರ್ಷ ಸ್ಯಾಂಡಿ ಲೇಕ್ ಎಂಬಲ್ಲಿ, ಚಳಿಗಾಲದ ಹೊಸ್ತಿಲಲ್ಲಿ ಕೊಡುವುದಾಗಿ ಸಾರಿದರು. ಸಾವಿರಾರು ಜನ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದು ಕಾದರು. ಹಂಚುವ ಅಧಿಕಾರಿ ಬಂದುದು ನವೆಂಬರ್ ಕೊನೆಗೆ, ಅದೂ ನಗದಿಲ್ಲದೆ. ಕೊಟ್ಟ ಆಹಾರ ಕೆಟ್ಟಿತ್ತು. ದಡಾರ, ಆಮಶಂಕೆ, ಚಳಿ, ಹಸಿವು; ಅಲ್ಲಿಯೇ ಸುಮಾರು 150 ಮಂದಿ, ಹಿಮದಲ್ಲಿ ಮರಳುವ ದಾರಿಯಲ್ಲಿ ಇನ್ನೂ 200ಕ್ಕೂ ಹೆಚ್ಚು ಮಂದಿ ಸತ್ತರು. 1852ರಲ್ಲಿ ವೃದ್ಧ ಮುಖಂಡ ಕೆಚೆವೈಷ್ಕೆ, ಬಿಳಿಯರ ಬಾಯಲ್ಲಿ ಚೀಫ್ ಬಫಲೋ, ವಾಷಿಂಗ್ಟನ್ನಿನವರೆಗೂ ಹೋಗಿ ಅಧ್ಯಕ್ಷ ಫಿಲ್ಮೋರ್‌ನನ್ನು ಕಂಡ ಮೇಲೆ ಎತ್ತಂಗಡಿಯ ಪ್ರಯತ್ನ ನಿಂತಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1855ರ ಮತ್ತೊಂದು ಒಪ್ಪಂದದಿಂದ ಮಿಲ್ ಲ್ಯಾಕ್ಸ್ ದಡದಲ್ಲಿ ಒಜಿಬ್ವೆ ಜನರಿಗೆ ಮೀಸಲು ನೆಲ ದೊರೆಯಿತು. 1858ರಲ್ಲಿ ಮಿನ್ನೆಸೋಟಾ ರಾಜ್ಯವಾಯಿತು. ಮರದ ವ್ಯಾಪಾರಿಗಳೂ ವಲಸೆಗಾರರೂ ಆ ಮೀಸಲು ನೆಲವನ್ನು ಕರಗಿಸುತ್ತ ಬಂದರು. 1901ರಲ್ಲಿ ಷೆರೀಫನ ತಂಡವೊಂದು ಸರೋವರದ ದಡದ ಹಳ್ಳಿಯೊಂದನ್ನೇ ಸುಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ರಾಜ್ಯದ ಮೀನುಗಾರಿಕಾ ಕಾಯಿದೆ ಎಲ್ಲರಿಗೂ ಒಂದೇ ಎಂಬ ನಂಬಿಕೆ ಬೇರೂರಿತು. ಹೊರಗಿನಿಂದ ಬಂದ ಹವ್ಯಾಸಿ ಗಾಳಗಾರರಿಗಾಗಿ ದಡದ ತುಂಬ ವಸತಿಗೃಹಗಳೆದ್ದವು.

1983ರಲ್ಲಿ ನೆರೆಯ ವಿಸ್ಕಾನ್ಸಿನ್‌ನ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೊಂದು 1837ರ ಹಕ್ಕು ಇನ್ನೂ ಜೀವಂತವಾಗಿದೆಯೆಂದಿತು. ಅಲ್ಲಿ ವಸಂತದ ರಾತ್ರಿಗಳಲ್ಲಿ ಈಟಿಯಿಂದ ವಾಲ್‌ಐ ಹಿಡಿಯಲು ಹೋದ ಒಜಿಬ್ವೆ ಜನರ ಮೇಲೆ ದೋಣಿಕಟ್ಟೆಗಳಲ್ಲಿ ಕಲ್ಲೂ ಬೈಗುಳವೂ ಬಿದ್ದವು. 1990ರಲ್ಲಿ ಮಿಲ್ ಲ್ಯಾಕ್ಸ್ ಪಂಗಡ ಮಿನ್ನೆಸೋಟಾದ ಮೇಲೆ ದಾವೆ ಹೂಡಿತು. 1993ರಲ್ಲಿ ರಾಜಿಯೊಂದು ಸಿದ್ಧವಾಗಿತ್ತು: 86 ಲಕ್ಷ ಡಾಲರ್, 7,500 ಎಕರೆ ನೆಲ, ಸರೋವರದ ಸಣ್ಣ ಭಾಗವೊಂದರಲ್ಲಿ ಪಂಗಡಕ್ಕೆ ಮಾತ್ರ ಮೀನು ಹಿಡಿಯುವ ಹಕ್ಕು. ವಸತಿಗೃಹಗಳ ಒಡೆಯರೂ ಗಾಳಗಾರರ ಸಂಘಗಳೂ ವಿರೋಧಿಸಿದರು. ಶಾಸನಸಭೆ ಅದನ್ನು ತಳ್ಳಿಹಾಕಿತು. ಸಣ್ಣದನ್ನು ಕೊಡಲೊಪ್ಪದೆ ದೊಡ್ಡದನ್ನು ಕಳೆದುಕೊಂಡರು ಎಂಬುದೇ ನನ್ನ ಅಭಿಪ್ರಾಯ.

1999ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಐವರು ಪರ, ನಾಲ್ವರು ವಿರೋಧ. ತೀರ್ಪು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಜನರನ್ನು ಎತ್ತಂಗಡಿ ಮಾಡಲು ಟೇಲರ್‌ಗೆ ಅಧಿಕಾರವೇ ಇರಲಿಲ್ಲ. ಹಕ್ಕಿನ ರದ್ದತಿಯೂ ಅದೇ ಆಜ್ಞೆಯೊಳಗೆ ಹೆಣೆದುಕೊಂಡಿದ್ದರಿಂದ ಅದೂ ಬಿದ್ದುಹೋಯಿತು. 1855ರ ಒಪ್ಪಂದದಲ್ಲಿ ಮೀನಿನ ಮಾತೇ ಇಲ್ಲ. ರಾಜ್ಯದ ಸ್ಥಾನಮಾನ ಸಿಕ್ಕಿತೆಂಬ ಕಾರಣದಿಂದ ಹಳೆಯ ಹಕ್ಕು ತಾನಾಗಿ ಅಳಿಯುವುದಿಲ್ಲ. ಇದಕ್ಕೆಲ್ಲ ಹಿನ್ನೆಲೆಯಾಗಿ ಒಂದು ನಿಯಮವಿದೆ: ಇಂತಹ ಒಪ್ಪಂದದ ಪದಗಳನ್ನು ಸಹಿ ಹಾಕಿದ ಮೂಲನಿವಾಸಿಗಳು ಅಂದು ಹೇಗೆ ಅರ್ಥಮಾಡಿಕೊಂಡಿದ್ದರೋ ಹಾಗೆ ಓದಬೇಕು. ಓಕ್ ರೆಂಬೆಯನ್ನಿಟ್ಟವನ ಮಾತು ದಾಖಲೆಯಲ್ಲಿ ಉಳಿದದ್ದಕ್ಕೆ ಬೆಲೆ ಬಂದುದು ಹೀಗೆ.

ಪ್ರತಿವರ್ಷ ಸರೋವರದಿಂದ ಎಷ್ಟು ಪೌಂಡು ವಾಲ್‌ಐ ತೆಗೆಯಬಹುದೆಂದು ಅಂದಾಜಿಸಿ, ಅದನ್ನು ರಾಜ್ಯದ ಗಾಳಗಾರರಿಗೂ ಎಂಟು ಒಜಿಬ್ವೆ ಪಂಗಡಗಳಿಗೂ ಹಂಚುವ ಪದ್ಧತಿ ಬಂದಿತು. ಆದರೆ ಮೀನು ಕ್ಷೀಣಿಸತೊಡಗಿತು. 2013ರಲ್ಲಿ ಒಟ್ಟು ಮಿತಿ 2,50,000 ಪೌಂಡು. 2015ರಲ್ಲಿ ಬರೀ 40,000. ಅದರಲ್ಲಿ ರಾಜ್ಯದ ಪಾಲು 28,600, ಪಂಗಡಗಳದು 11,400. ಆ ವರ್ಷ ಆಗಸ್ಟ್ 3ರಂದು ವಾಲ್‌ಐ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ದಡದ ವಸತಿಗೃಹಗಳಿಗೆ ಅದು ಬರಸಿಡಿಲು. ಮೊಟ್ಟೆಯಿಡುವ ಕಾಲದಲ್ಲಿ ಬಲೆ ಹಾಕುವ ಒಜಿಬ್ವೆಗಳೇ ಕಾರಣವೆಂದು ಬಹಳ ಜನ ಬೆರಳು ತೋರಿದರು.

ವಿಜ್ಞಾನಿಗಳು ಕಂಡದ್ದು ಇಷ್ಟು ಸರಳವಾಗಿರಲಿಲ್ಲ. ಮೊಟ್ಟೆಗಳಿಗೆ ಕೊರತೆಯಿರಲಿಲ್ಲ, ಮರಿಗಳೂ ಹುಟ್ಟುತ್ತಿದ್ದುವು. ಮೊದಲ ವರ್ಷ ದಾಟಿದ ಮರಿಗಳು ಎರಡನೆಯ, ಮೂರನೆಯ ವರ್ಷಕ್ಕೆ ಉಳಿಯುತ್ತಿರಲಿಲ್ಲ. ಎಂಬತ್ತರ ದಶಕದಿಂದಲೇ ನೀರು ತಿಳಿಯಾಗುತ್ತಿತ್ತು. 2005ರಲ್ಲಿ ಜೀಬ್ರಾ ಮಸಲ್ ಎಂಬ ಹೊರನಾಡಿನ ಚಿಪ್ಪುಜೀವಿ ಕಾಣಿಸಿಕೊಂಡು ನೀರನ್ನು ಇನ್ನಷ್ಟು ಸೋಸಿತು; 2009ರಲ್ಲಿ ಬಂದ ಮುಳ್ಳುಬಾಲದ ಒಂದು ಸೂಕ್ಷ್ಮ ಜೀವಿ ಮರಿಗಳ ಆಹಾರಕ್ಕೆ ಪೈಪೋಟಿ ಹೂಡಿತು. ನೀರು ಬೆಚ್ಚಗಾಗಿ, ವಾಲ್‌ಐಗೆ ಆಹಾರವಾಗಿದ್ದ ತಣ್ಣೀರಿನ ಮೀನು ಕಡಿಮೆಯಾಯಿತು. ಕಣ್ಣಿನ ಮಾತು ನೆನಪಿದೆಯಷ್ಟೆ? ತಿಳಿನೀರಿನಲ್ಲಿ ಬೆಳಕು ತಳದವರೆಗೂ ಇಳಿಯುತ್ತದೆ. ಮಬ್ಬನ್ನು ಬಯಸುವ ಮೀನಿಗೆ ವಾಸಯೋಗ್ಯವಾದ ಜಾಗವೇ ಕುಗ್ಗುತ್ತದೆ. ನಮಗೆ ಸ್ವಚ್ಛವಾಗಿ ಕಾಣುವ ನೀರು ಅದಕ್ಕೆ ಕಷ್ಟ.

ಇನ್ನೂ ಒಂದು ಸಂಗತಿ ಗಾಳಗಾರರಿಗೇ ಮುಜುಗರ ತರುವಂಥದು. 2016ರಲ್ಲಿ ಹಿಡಿದ ವಾಲ್‌ಐಯನ್ನೆಲ್ಲ ಮರಳಿ ನೀರಿಗೆ ಬಿಡಬೇಕೆಂಬ ನಿಯಮ ಬಂದಿತು. ಬಿಟ್ಟ ಮೀನೆಲ್ಲ ಬದುಕುವುದೇ? ಇಲ್ಲ. ನೀರು ಬಿಸಿಯಾದಷ್ಟೂ ಗಾಳದ ಗಾಯದಿಂದ ಸಾಯುವುದು ಹೆಚ್ಚು. ಆಳದ ದಿಬ್ಬಗಳಿಂದ, ಮೂವತ್ತು ಅಡಿಗೂ ಕೆಳಗಿನಿಂದ ಎಳೆದ ಮೀನಿನ ಗಾಳಿಚೀಲ ಒತ್ತಡ ತಗ್ಗಿದಂತೆ ಉಬ್ಬಿಕೊಳ್ಳುತ್ತದೆ. ವಾಲ್‌ಐ ಅದರ ಗಾಳಿಯನ್ನು ಥಟ್ಟನೆ ಹೊರಹಾಕಲಾರದು. ಫೋಟೋ ತೆಗೆಸಿಕೊಂಡು ಪ್ರೀತಿಯಿಂದ ಬಿಟ್ಟ ಮೀನು ದೋಣಿ ಮರೆಯಾದ ಮೇಲೆ ಸತ್ತು ತೇಲಬಹುದು. ಹೀಗೆ ಸಾಯುವ ಮೀನಿನ ಅಂದಾಜು ತೂಕವೂ ರಾಜ್ಯದ ಪಾಲಿನಲ್ಲಿ ಕಳೆಯುತ್ತದೆ. ಒಂದು ಮೀನನ್ನೂ ಮನೆಗೊಯ್ಯದೆಯೇ ಪಾಲು ಮುಗಿಯತೊಡಗಿ, 2017ರ ಜುಲೈನಲ್ಲಿ ಮೂರು ವಾರ ಗಾಳ ಹಾಕುವುದನ್ನು ನಿಷೇಧಿಸಬೇಕಾಯಿತು!

ಅದೇ ರಾಜ್ಯದ ರೆಡ್ ಲೇಕ್‌ನಲ್ಲಿ ಮಾತ್ರ ತೊಂಬತ್ತರ ದಶಕದಲ್ಲಿ ವಾಲ್‌ಐ ಕುಸಿದದ್ದು ಮಿತಿಮೀರಿದ ಮೀನುಗಾರಿಕೆಯಿಂದಲೇ. ಅಲ್ಲಿನ ಒಜಿಬ್ವೆ ಮೀನುಗಾರರು ತಾವೇ ಮುಂದಾಗಿ ಬಲೆ ಮಡಚಿದರು, ರಾಜ್ಯವೂ ಕೈಜೋಡಿಸಿತು, ಮರಿಗಳನ್ನು ಬಿಟ್ಟು ಕಾದು 2006ರಲ್ಲಿ ಮತ್ತೆ ಮೀನುಗಾರಿಕೆಯನ್ನು ಆರಂಭಿಸಿದರು. ಬೆರಳು ತೋರಿಸುವವರು ಈ ಕಥೆಯನ್ನು ಹೇಳುವುದು ಅಪರೂಪ.

ಮಿಲ್ ಲ್ಯಾಕ್ಸ್‌ನಲ್ಲಿ 2013ರಲ್ಲಿ ಹುಟ್ಟಿದ ಪೀಳಿಗೆ ಉಳಿದು ಬೆಳೆಯಿತು. 2019ರ ಮೇ ತಿಂಗಳಿನಲ್ಲಿ, ನಾಲ್ಕು ವರ್ಷಗಳ ಮೇಲೆ, ತೆರೆದ ನೀರಿನ ಕಾಲದಲ್ಲಿ ಒಬ್ಬರಿಗೆ ಒಂದು ವಾಲ್‌ಐ ಮನೆಗೊಯ್ಯಲು ಅಪ್ಪಣೆಯಾಯಿತು: ಒಂದೋ 21ರಿಂದ 23 ಅಂಗುಲದೊಳಗಿನದು, ಇಲ್ಲವೇ 28 ಅಂಗುಲ ಮೀರಿದ್ದು.

ಆ ಕಡೆ ಇರುವ ನಿಮ್ಮಲ್ಲಿ ಯಾರಾದರೂ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ, ಸರೋವರದ ಪಶ್ಚಿಮ ದಡದಲ್ಲಿ ಹೆದ್ದಾರಿಯ ಪಕ್ಕದಲ್ಲಿಯೇ ಮಿಲ್ ಲ್ಯಾಕ್ಸ್ ಇಂಡಿಯನ್ ಮ್ಯೂಸಿಯಂ ಇದೆ. ಅಲ್ಲಿಂದ ಈಶಾನ್ಯಕ್ಕೆ ಹೋದರೆ ಸ್ಯಾಂಡಿ ಲೇಕ್. 1850ರ ಚಳಿಗಾಲದಲ್ಲಿ ಸತ್ತವರಿಗಾಗಿ 2000ದಲ್ಲಿ ಅಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಅದರ ಹೆಸರು 'ಮಿಕ್ವೆಂಡಾಗೊಝಿವಾಗ್'. ಒಜಿಬ್ವೆ ಭಾಷೆಯಲ್ಲಿ, ಅವರು ನೆನಪಿನಲ್ಲಿದ್ದಾರೆ ಎಂದು ಅರ್ಥ.