ಹಸಿರು ಮಣಿ, ಕೆಂಪು ಮಣಿ

ಗಡಿ ಎಂದೊಡನೆ ಕಾಸರಗೋಡಿನವರಾದ ನಮಗೆ ನೆನಪಾಗುವುದು 1956ರ ನವೆಂಬರ್ 1. ಅದಕ್ಕೂ ಮೂರು ವರ್ಷ ಮೊದಲು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಹಿಂದೂಪುರ ಮತ್ತು ಕಲ್ಯಾಣದುರ್ಗ ಸೀಮೆಯ ಕನ್ನಡ ಮನೆಗಳು ಆ ರಾಜ್ಯದೊಳಗೆ ಸೇರಿಹೋದವು. ಆದರೂ ಗೌರಿಬಿದನೂರು, ಪಾವಗಡದ ಕಡೆಗೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಅಲ್ಲಿನ ಭಾಷೆ, ಶಾಲೆಗಳ ಚರಿತ್ರೆಯನ್ನು ಬರೆದವರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಒಳಮನೆಯ ಚರಿತ್ರೆ: ತಿಂಗಳಲ್ಲಿ ಯಾವ ದಿನಗಳಲ್ಲಿ ಗರ್ಭ ನಿಲ್ಲುತ್ತದೆ ಎಂಬ ತಿಳಿವಳಿಕೆಯ ಚರಿತ್ರೆ.

ದಿನ ಎಣಿಸುವುದು ನಮಗೆ ಹೊಸದಲ್ಲ. ಮನುಸ್ಮೃತಿ ಹೆಣ್ಣಿನ ಋತುಕಾಲವನ್ನು ಹದಿನಾರು ರಾತ್ರಿಗಳೆಂದಿತು, ಸುಶ್ರುತ ಹನ್ನೆರಡು ಎಂದ. ಆ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಂತೂ ಮುಟ್ಟಾದವಳು ಹೊರಗೆ ಉಳಿಯುತ್ತಿದ್ದುದರಿಂದ ಅವಳ ದಿನಗಳು ಊರಿಗೇ ಗೊತ್ತು. ಮುಟ್ಟಿನ ದಿನಗಳನ್ನು ಎಲ್ಲರೂ ಎಣಿಸಿದರು. ಗರ್ಭ ನಿಲ್ಲುವ ದಿನಗಳ ನಿಜವಾದ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ. ಯುರೋಪಿನ ಸ್ಥಿತಿಯೂ ಇದಕ್ಕಿಂತ ಮೇಲಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅನೇಕ ವೈದ್ಯರು ಪ್ರಾಣಿಗಳ ಬೆದೆಗೆ ಹೋಲಿಸಿ, ಮುಟ್ಟಿನ ಆಸುಪಾಸಿನಲ್ಲೇ ಗರ್ಭ ನಿಲ್ಲುತ್ತದೆ, ನಡುವಿನ ದಿನಗಳು ನಿರ್ಭಯ ಎಂದರು. ಸತ್ಯ ಇದಕ್ಕೆ ತದ್ವಿರುದ್ಧ.

1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನೌಸ್ ಬೇರೆ ಬೇರೆಯಾಗಿಯೇ ಈ ತಪ್ಪನ್ನು ತಿದ್ದಿದರು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಲೆಕ್ಕ ಹಿಂದಿನ ಮುಟ್ಟಿನಿಂದಲ್ಲ, ಇನ್ನೂ ಬಾರದಿರುವ ಮುಟ್ಟಿನಿಂದ! ತೊಡಕೆಲ್ಲ ಇರುವುದು ಇಲ್ಲಿಯೇ.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆಜ್ಞೆ ಹೊರಡಿಸಿತ್ತು. ಆಗ ಹಿಂದೂಪುರ, ಕಲ್ಯಾಣದುರ್ಗಗಳು ಮದರಾಸು ಆಧಿಪತ್ಯದಲ್ಲಿದ್ದವು. ಸ್ವಾತಂತ್ರ್ಯಾನಂತರ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಾಧನಗಳಿಗಿಂತ ಸಂಯಮವನ್ನು ಮೆಚ್ಚಿದವರು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ದೆಹಲಿಯ ಲೋದಿ ಕಾಲೊನಿಯಲ್ಲೂ ಮೈಸೂರು ರಾಜ್ಯದ ರಾಮನಗರದಲ್ಲೂ ಪ್ರಯೋಗ ನಡೆಯಿತು. ಓದುಬರಹ ಬಾರದ ಹೆಂಗಸರಿಗೆಂದು ಒಂದು ಮಣಿಸರ ಸಿದ್ಧವಾಯಿತು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರಾದರೆ ಭಯವಿಲ್ಲ, ಕೆಂಪಾದರೆ ದೂರವಿರಬೇಕು.

ರಾಮನಗರವೂ ಹಿಂದೂಪುರವೂ ರೇಷ್ಮೆಗೂಡಿನ ಮಾರುಕಟ್ಟೆಗಳ ಊರು. ಹುಳು ಸಾಕುವ ಮನೆಯ ಹೆಂಗಸಿಗೆ ದಿನ ಎಣಿಸಲು ಯಾರೂ ಕಲಿಸಬೇಕಾಗಿಲ್ಲ. ಹುಳು ನಾಲ್ಕು ಜ್ವರ ದಾಟಿ ಹಣ್ಣಾಗುವುದು ಯಾವಾಗ ಎಂದು ಆಕೆ ಬಲ್ಲಳು. ಆದರೂ ಮಣಿಸರ ನೆಲೆ ನಿಲ್ಲಲಿಲ್ಲ. ಎಣಿಕೆ ಬಾರದ ಅಜ್ಞಾನಿಗಳೆಂದು ಹಳ್ಳಿಯ ಹೆಂಗಸರನ್ನು ಗೇಲಿ ಮಾಡುವ ಕಥೆಗಳು ಆಮೇಲೆ ಹುಟ್ಟಿಕೊಂಡವು. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಮೈಯ ಋತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ; ಮಣಿ ಬದಲಾಗುವುದಿಲ್ಲ. ಬಾಣಂತನ, ಮೊಲೆಯೂಡಿಸುವುದು, ನಿಶ್ಶಕ್ತಿ ಎಲ್ಲವೂ ಲೆಕ್ಕವನ್ನು ತಪ್ಪಿಸುತ್ತವೆ. ಮೇಲಾಗಿ ಕೆಂಪು ಮಣಿಯ ರಾತ್ರಿ ಗಂಡ ಒಪ್ಪಬೇಕಲ್ಲ!

ಖಚಿತ ಉತ್ತರ ಬಂದದ್ದು 1995ರಲ್ಲಿ. ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗು ಬಯಸಿದ 221 ಮಹಿಳೆಯರನ್ನು ಅಭ್ಯಸಿಸಿದರು. ಗರ್ಭ ನಿಂತದ್ದು ಆರೇ ದಿನಗಳ ಕೂಟದಿಂದ: ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ. ಐದು ದಿನ ಮೊದಲಾದರೆ ಸಾಧ್ಯತೆ ನೂರಕ್ಕೆ ಸುಮಾರು 10, ಬಿಡುಗಡೆಯ ದಿನ ಸುಮಾರು 33. ವೀರ್ಯಾಣು ಐದು ದಿನದವರೆಗೆ ಬದುಕಬಲ್ಲದು. ಅಂಡಕ್ಕೆ ಒಂದು ದಿನದ ಆಯುಸ್ಸೂ ಕಷ್ಟ. 28 ದಿನಗಳ ಋತುಚಕ್ರದವಳಿಗೆ ಈ ಅವಧಿ ಸುಮಾರು 9ರಿಂದ 14ನೆಯ ದಿನ. 35 ದಿನದವಳಿಗೆ 16ರಿಂದ 21. 2000ದಲ್ಲಿ ಅದೇ ತಂಡ ಹೇಳಿದಂತೆ, 10ರಿಂದ 17ನೆಯ ದಿನದೊಳಗೇ ಈ ಆರು ದಿನಗಳು ಪೂರ್ತಿ ಬರುವವರು ನೂರಕ್ಕೆ ಮೂವತ್ತರಷ್ಟು ಮಾತ್ರ. ಮಣಿಸರ 2002ರ ಸುಮಾರಿಗೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಿಂದ ಹೊಸ ರೂಪದಲ್ಲಿ ಬಂತು. ಅದೂ 26ರಿಂದ 32 ದಿನಗಳ ಚಕ್ರವಿರುವವರಿಗಷ್ಟೇ. 8ರಿಂದ 19ನೆಯ ದಿನದವರೆಗೆ ಎಚ್ಚರ ಬೇಕು.

ಒಂದು ಮಾತು ಸ್ಪಷ್ಟ. ಅತ್ಯಂತ ಅನುಕೂಲದ ದಿನದಲ್ಲೂ ಮೂರರಲ್ಲಿ ಎರಡು ಸಲ ಗರ್ಭ ನಿಲ್ಲುವುದಿಲ್ಲ. ಮದುವೆಯಾಗಿ ಆರು ತಿಂಗಳಿಗೇ ಸೊಸೆಯತ್ತ ಬೆರಳು ತೋರಿಸುವ ಮನೆಗಳು ಹಿಂದೂಪುರದಲ್ಲೂ ಇವೆ, ಮಂಜೇಶ್ವರದಲ್ಲೂ ಇವೆ. ವರ್ಷ ಕಳೆದರೂ ಮಗುವಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು; ಕಾರಣ ಎಷ್ಟೋ ಸಲ ಗಂಡಸಿನಲ್ಲೂ ಇರುತ್ತದೆ. ಹೆಣ್ಣು ಕೊಡುವಾಗ ಜಾತಕದ ಎಣಿಕೆ ನೋಡುವ ನಾವು ಮಗಳಿಗೆ ಈ ಆರು ದಿನಗಳ ಎಣಿಕೆಯನ್ನೂ ಕಲಿಸಿ ಕಳುಹಿಸಬೇಕು. ಅಳಿಯನಿಗೂ ಅದು ಗೊತ್ತಿರಲಿ.