ಭೀಮಾತೀರದ ಅನ್ನ, ಅಂಗಳ

ಒಂದು ಸೀಮೆಯನ್ನು ಅರಿಯಬೇಕಾದರೆ ಅಲ್ಲಿಯ ಜನ ಎಲ್ಲಿ ಉಣ್ಣುತ್ತಾರೆ, ಎತ್ತ ನಡೆಯುತ್ತಾರೆ ಎಂಬುದನ್ನು ನೋಡಬೇಕು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ 15ನೆಯ ಶತಮಾನದ ನೃಸಿಂಹ ಸರಸ್ವತಿಗಳ ನೆನಪಿನಲ್ಲಿ ಇಂದಿಗೂ ನಡುಹಗಲು ಮಧುಕರಿ ನಡೆಯುತ್ತದೆ. ಸಿರಿವಂತನೂ ಐದು ಮನೆಗಳ ಮುಂದೆ ಕೈಯೊಡ್ಡಿ ಉಣ್ಣುತ್ತಾನೆ. ಅನಂತರ ಭೀಮಾ-ಅಮರ್ಜಾ ಸಂಗಮದತ್ತ ನಡಿಗೆ. ಜೇವರ್ಗಿಯವರ ಹೆಜ್ಜೆ ಷಣ್ಮುಖ ಶಿವಯೋಗಿಗಳ ಮಠದತ್ತ. ಬಸವಣ್ಣನವರ ಐದು ಶತಮಾನಗಳ ತರುವಾಯ ವಚನವನ್ನು ಮತ್ತೆ ನುಡಿಸಿದವರು ಅವರು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಅಂಗಳದಲ್ಲಿಯೇ ರಾಘವಚೈತನ್ಯರ ಲಿಂಗವಿದೆ. 2023ರ ಶಿವರಾತ್ರಿಯಂದು ಅಲ್ಲಿ ಪೂಜಿಸಲು ಹೈಕೋರ್ಟು 15 ಮಂದಿಗೆ ಅನುಮತಿಯಿತ್ತಿತು. ಭಿಕ್ಷೆಗೆ ಬಂದವರ ಲೆಕ್ಕವಿಡದ ಸೀಮೆ ಇದು. ಇಲ್ಲಿಯೇ ಭಕ್ತರನ್ನು ಎಣಿಸುವ ಕಾಲ ಬಂದುದು ನಮ್ಮ ಚರಿತ್ರೆಯ ವ್ಯಥೆ.